ಮಗುವಿಗೆ ಕೀಲುವಾತ ಅಂದರೆ: ಇಂಗ್ಲೆಂಡಿಗೆ ಹೊಸದಾಗಿ ಬಂದ ಕನ್ನಡದ ಅಪ್ಪ ಅಮ್ಮಂದಿರಿಗೆ

ಕಾಗದದ ಕೆಲಸ ಸುಲಭ. ಜಿಪಿ, ಅಂದರೆ ಮನೆ ಹತ್ತಿರದ ಸಾಮಾನ್ಯ ಡಾಕ್ಟರು, ಅವರ ಹತ್ತಿರ ಹೆಸರು ಬರೆಸಿ, ಮಕ್ಕಳ ರುಮಟಾಲಜಿಗೆ, ಅಂದರೆ ಕೀಲುರೋಗದ ವಿಭಾಗಕ್ಕೆ, ಅವರೇ ಕಳಿಸುತ್ತಾರೆ. 16ರೊಳಗಿನವರಿಗೆ ಔಷಧಿ ಉಚಿತ.

ಕಷ್ಟ ಇರುವುದು ಊರಿಂದ ಬರುವ ಫೋನಿನಲ್ಲಿ. "ಇಷ್ಟು ಚಿಕ್ಕ ಮಗೂಗೆ ಕೀಲುವಾತನಾ? ಆ ಚಳಿಗೇ ಆಗಿರೋದು, ಕರ್ಕೊಂಡು ಬನ್ನಿ." ಚಳಿಯಿಂದ ಬರುವ ಕಾಯಿಲೆ ಅಲ್ಲ ಇದು. ರೋಗ ತಡೆಯಬೇಕಾದ ಶಕ್ತಿಯೇ ಕೀಲುಗಳ ಮೇಲೆ ತಿರುಗಿ ಬೀಳುತ್ತದೆ. ಬೆಂಗಳೂರಿಗೆ ಹೋದರೂ ಕೊಡುವುದು ಇಲ್ಲಿ ಕೊಡುವ ಮೆಥೊಟ್ರೆಕ್ಸೇಟ್ ಔಷಧಿಯನ್ನೇ.

ಆ ಹೆಸರನ್ನು ಗೂಗಲ್‌ನಲ್ಲಿ ಹುಡುಕಿದರೆ ಕ್ಯಾನ್ಸರ್ ಔಷಧಿ ಅಂತ ಬಂದು ಎದೆ ಧಸಕ್ ಅನ್ನುತ್ತದೆ. ಕೀಲಿಗೆ ಕೊಡುವ ಪ್ರಮಾಣ ಅದಕ್ಕಿಂತ ತೀರಾ ಕಡಿಮೆ. ವಾರಕ್ಕೆ ಒಂದೇ ಸಲ, ದಿನಾ ಕೊಟ್ಟರೆ ಅಪಾಯ. ಗುಣ ಕಾಣಲು 2–3 ತಿಂಗಳು ಬೇಕು. ನಮ್ಮವರು ಮೂರನೇ ವಾರಕ್ಕೇ ನಿಲ್ಲಿಸಿ, "ಇಂಗ್ಲಿಷ್ ಔಷಧಿ ಹಿಡಿಸಲಿಲ್ಲ" ಅಂತ ಸಂಘದ ಊಟದಲ್ಲಿ ಹೇಳುತ್ತಾರೆ. ಕೇಳಿ ಕೇಳಿ ಸಾಕಾಗಿದೆ.

ವಾಕರಿಕೆ ಬರುವುದು ನಿಜ. ಶಾಲೆ ತಪ್ಪದಿರಲಿ ಅಂತ ಬಹಳ ಜನ ಶುಕ್ರವಾರ ರಾತ್ರಿ ಕೊಡುತ್ತಾರೆ. ಆಗ ತಪ್ಪುವುದು ಶನಿವಾರದ ಕನ್ನಡ ತರಗತಿ. ಬಿಟ್ಟುಕೊಡಲು ನಮಗೆ ಮೊದಲು ಸಿಗುವುದು ಕನ್ನಡವೇ, ಅಲ್ವಾ? ಆಮೇಲೆ ಅಜ್ಜಿಯ ಫೋನಿಗೆ ಮಗು "ಹಾಂ, ಹೂಂ" ಅಂದರೆ ಬೇಜಾರು. ದಿನ ಬದಲಿಸಬಹುದಾ ಅಂತ ನರ್ಸನ್ನು ಕೇಳಿ ನೋಡಿ.

ಮೆಥೊಟ್ರೆಕ್ಸೇಟ್ ಸಾಲದಿದ್ದರೆ ಅಡಾಲಿಮುಮ್ಯಾಬ್, ಎಟನರ್ಸೆಪ್ಟ್‌ನಂಥ ಚುಚ್ಚುಮದ್ದು. ಅದಕ್ಕೆ ಮುಂಚೆ ಟಿಬಿ ಪರೀಕ್ಷೆ ಇರುತ್ತದೆ. ಮರ್ಯಾದೆ ಹೋಗುತ್ತದೆ ಅಂತ ತಾತನ ಟಿಬಿಯನ್ನು ಮುಚ್ಚಿಡಬೇಡಿ. ಮೈಯೊಳಗೆ ಸುಮ್ನೆ ಇದ್ದ ಟಿಬಿ ಈ ಔಷಧಿಯಿಂದ ಕೆರಳಬಹುದು. ಅಜ್ಜಿ ಕಳಿಸಿದ ಅಶ್ವಗಂಧವನ್ನೂ ಬಾಯಿಬಿಟ್ಟು ಹೇಳಿ. ಮೆಥೊಟ್ರೆಕ್ಸೇಟ್ ಕೊಡುವಾಗ ಆಗಾಗ ರಕ್ತ ತೆಗೆದು ಲಿವರ್ ನೋಡುತ್ತಿರುತ್ತಾರೆ, ಅಶ್ವಗಂಧದಿಂದಲೂ ಲಿವರ್ ಕೆಟ್ಟ ಉದಾಹರಣೆಗಳಿವೆ.

ಈ ಔಷಧಿಗಳು ರೋಗ ತಡೆಯುವ ಶಕ್ತಿಯನ್ನು ತಗ್ಗಿಸುತ್ತವೆ. ಹಾಗಾಗಿ ಜೊತೆಯ ಮಗುವಿಗೆ ಅಮ್ಮ ಎದ್ದಿದೆ, ಅಂದರೆ ಚಿಕನ್‌ಪಾಕ್ಸ್, ಅಂತ ಗೊತ್ತಾದರೆ ಅವತ್ತೇ ಆಸ್ಪತ್ರೆಗೆ ಫೋನ್ ಮಾಡಿ. ಬೇವಿನ ಸೊಪ್ಪು ಆಮೇಲೆ. ಶಾಲೆಯಲ್ಲಿ ಮೂಗಿಗೆ ಹಾಕುವ ಫ್ಲೂ ಲಸಿಕೆಯಲ್ಲಿ ಜೀವಂತ ವೈರಸ್ ಇರುತ್ತದೆ. ಕೇಳದೆ ಸಹಿ ಹಾಕಬೇಡಿ.

ಟಿಕೆಟ್ ಅಗ್ಗವಾಯಿತು ಅಂತ ಕಣ್ಣಿನ ತಪಾಸಣೆ ತಪ್ಪಿಸಿ ಊರಿಗೆ ಹೊರಡಬೇಡಿ. ಈ ಕಾಯಿಲೆಯಲ್ಲಿ ಕಣ್ಣೊಳಗೆ ಉರಿಯೂತ ಆದರೂ ಸಾಮಾನ್ಯವಾಗಿ ಮಗುವಿಗೆ ನೋವಿರುವುದಿಲ್ಲ, ಕಣ್ಣು ಕೆಂಪಾಗುವುದಿಲ್ಲ. ಹೋಗುವಾಗ ಅಡಾಲಿಮುಮ್ಯಾಬ್‌ನಂಥ ಚುಚ್ಚುಮದ್ದನ್ನು ಡಾಕ್ಟರ ಪತ್ರದ ಜೊತೆ ಕೈಚೀಲದಲ್ಲೇ ಒಯ್ಯಿರಿ. ಅದು 2–8 ಡಿಗ್ರಿಯಲ್ಲಿರಬೇಕು. ಊರಲ್ಲಿ ಕರೆಂಟು ಹೋದಾಗ ಯಾರ ಮನೆಯ ಫ್ರಿಜ್ಜು ಓಡುತ್ತಿರುತ್ತದೆ ಅಂತ ಈಗಲೇ ವಿಚಾರಿಸಿಕೊಳ್ಳಿ.