ಯರಗೋಳ್ ಡ್ಯಾಂನಿಂದ ಏಳನೇ ಅನುಸೂಚಿವರೆಗೆ: ಕೆಎಎಸ್‌ಗೆ ನಾನು ಸಂವಿಧಾನ ಓದಿದ್ದು

ನಾನು ಕೆಎಎಸ್ (ಕರ್ನಾಟಕ ಆಡಳಿತ ಸೇವೆ) ಪ್ರಿಲಿಮ್ಸ್‌ಗೆ ಕೋಲಾರದಲ್ಲೇ ಕೂತು ಓದಿದವಳು. ಬೆಂಗಳೂರಿನ ವಿಜಯನಗರದಲ್ಲಿ ಪಿಜಿ ಹಿಡಿದು ಕೋಚಿಂಗ್ ಸೇರುವಷ್ಟು ಅನುಕೂಲ ಮನೆಯಲ್ಲಿರಲಿಲ್ಲ. ಆದರೆ ಸಂವಿಧಾನದ ಮಟ್ಟಿಗೆ ನನಗೆ ನಮ್ಮ ಜಿಲ್ಲೆಯೇ ಕೋಚಿಂಗ್ ಆಯಿತು.

ಗೈಡ್‌ಗಿಂತ ಮೊದಲು ಸಂವಿಧಾನದ ಕನ್ನಡ ಪ್ರತಿಯನ್ನೇ ಹಿಡಿದೆ. ಒಂದು ಭಾಗ ಓದಿ, ಪುಸ್ತಕ ಮುಚ್ಚಿ, ನೋಟ್‌ಬುಕ್ಕಿನ ಎಡಪುಟದಲ್ಲಿ ನನ್ನ ಮಾತಿನಲ್ಲಿ ಬರೆಯುತ್ತಿದ್ದೆ. ಬಲಪುಟ ಖಾಲಿ ಬಿಡುತ್ತಿದ್ದೆ. ಆ ವಿಧಿಗೆ ನಮ್ಮ ಕಡೆಯ ಒಂದು ಉದಾಹರಣೆ ಸಿಕ್ಕಾಗಲೇ ಅಲ್ಲಿ ಬರೆಯುವುದು. ಲೈಬ್ರರಿಯಲ್ಲಿ ಪೇಪರ್ ಓದುವಾಗ ಕಣ್ಣು ಅದನ್ನೇ ಹುಡುಕುತ್ತಿತ್ತು.

ಯಾವ ವಿಷಯ ಕೇಂದ್ರಕ್ಕೆ, ಯಾವುದು ರಾಜ್ಯಕ್ಕೆ ಅಂತ ಹಂಚುವ ಏಳನೇ ಅನುಸೂಚಿಯನ್ನೇ ನೋಡಿ. ಕೇಂದ್ರಪಟ್ಟಿ, ರಾಜ್ಯಪಟ್ಟಿ, ಸಮವರ್ತಿ ಪಟ್ಟಿ ಅಂತ ಸುಮ್ನೆ ಉರು ಹೊಡೆದರೆ ವಾರದಲ್ಲಿ ಮರೆತುಹೋಗುತ್ತದೆ. ಬಂಗಾರಪೇಟೆ ತಾಲ್ಲೂಕಿನ ಯರಗೋಳ್ ಹತ್ತಿರ ಮಾರ್ಕಂಡೇಯ ನದಿಗೆ ಕಟ್ಟಿದ ಡ್ಯಾಂ ನೆನಪಿಸಿಕೊಳ್ಳಿ. ನೀರು ರಾಜ್ಯಪಟ್ಟಿಯ 17ನೇ ವಿಷಯ. ಅಂತರರಾಜ್ಯ ನದಿ ಕೇಂದ್ರಪಟ್ಟಿಯ 56ನೇ ವಿಷಯ. ಈ ಡ್ಯಾಂ ವಿಚಾರಕ್ಕೂ ತಮಿಳುನಾಡು 131ನೇ ವಿಧಿಯಡಿ (ರಾಜ್ಯಗಳ ನಡುವಿನ ವ್ಯಾಜ್ಯ) ಸುಪ್ರೀಂ ಕೋರ್ಟಿಗೆ ಹೋಗಿತ್ತು. 2019ರಲ್ಲಿ ಕೋರ್ಟ್ ಅದರ ಅರ್ಜಿ ತಳ್ಳಿಹಾಕಿ, ನ್ಯಾಯಮಂಡಳಿ ಬೇಕಿದ್ದರೆ ಕೇಂದ್ರವನ್ನು ಕೇಳಿ ಎಂದಿತು. ಅಲ್ಲಿಗೆ ಅಂತರರಾಜ್ಯ ನದಿ ವಿವಾದದ 262ನೇ ವಿಧಿ, 1956ರ ಅಂತರರಾಜ್ಯ ಜಲವಿವಾದ ಕಾಯ್ದೆ ಎರಡೂ ಬಂದವು. ಒಂದೇ ಡ್ಯಾಂನಲ್ಲಿ ಎಷ್ಟೆಲ್ಲ ಸಿಕ್ಕಿತು, ಅಲ್ವಾ?

ಕೆಜಿಎಫ್ ಕೂಡ ಹಾಗೆಯೇ. ಗಣಿ ರಾಜ್ಯಪಟ್ಟಿಯಲ್ಲಿದೆ (23), ಆದರೆ ಸಂಸತ್ತು ಕಾಯ್ದೆ ಮಾಡಿ ತನ್ನ ಹಿಡಿತಕ್ಕೆ ತಗೊಂಡಷ್ಟು ಕೇಂದ್ರಕ್ಕೆ ಸೇರುತ್ತದೆ (54). ಚಿನ್ನದ ಗಣಿ 2001ರಲ್ಲಿ ಮುಚ್ಚಿದಾಗ ನಮ್ಮವರು ದೆಹಲಿ ಕಡೆ ನೋಡಬೇಕಾಗಿ ಬಂದದ್ದು ಯಾಕೆ ಅಂತ ನನಗೆ ಆಗ ಅರ್ಥವಾಯಿತು. ಅದು ಕೇಂದ್ರ ಸರ್ಕಾರದ ಕಂಪನಿ.

330 ಮತ್ತು 332ನೇ ವಿಧಿಗೆ ನಮ್ಮ ಕ್ಷೇತ್ರಗಳೇ ಸಾಕು. ಕೋಲಾರ ಲೋಕಸಭಾ ಕ್ಷೇತ್ರ ಪರಿಶಿಷ್ಟ ಜಾತಿಗೆ ಮೀಸಲು. ವಿಧಾನಸಭೆಗೆ ಮುಳಬಾಗಿಲು, ಬಂಗಾರಪೇಟೆ, ಕೆಜಿಎಫ್ ಮೀಸಲು. ಸಂವಿಧಾನ ಸಭೆಯ ಪಾಠ ಬಂದಾಗ ಕ್ಯಾಸಂಬಳ್ಳಿಯ ಕೆ.ಸಿ. ರೆಡ್ಡಿಯವರಿದ್ದರು. ಅವರು ಮೈಸೂರಿನ ಮೊದಲ ಮುಖ್ಯಮಂತ್ರಿ ಮಾತ್ರವಲ್ಲ, ಆ ಸಭೆಯ ಸದಸ್ಯರೂ ಹೌದು.

ಎಲ್ಲಕ್ಕೂ ಜಿಲ್ಲೆಯ ಉದಾಹರಣೆ ಸಿಗುವುದಿಲ್ಲ. ತಿದ್ದುಪಡಿಗಳು, ತೀರ್ಪುಗಳು ಹಾಗೆ. ಅವನ್ನು ಪಟ್ಟಿ ಮಾಡಿ ಓದಬೇಡಿ, ಸಂಸತ್ತು ಮತ್ತು ಕೋರ್ಟಿನ ಜಗಳದಂತೆ ಓದಿ. 1967ರ ಗೋಲಕ್‌ನಾಥ್ ತೀರ್ಪಿನಲ್ಲಿ ಕೋರ್ಟ್, ತಿದ್ದುಪಡಿ ಮಾಡಿ ಮೂಲಭೂತ ಹಕ್ಕು ಕಿತ್ತುಕೊಳ್ಳುವಂತಿಲ್ಲ ಎಂದಿತು. 1971ರಲ್ಲಿ ಸಂಸತ್ತು 24ನೇ ತಿದ್ದುಪಡಿ ತಂದು, ತಿದ್ದುವ ಅಧಿಕಾರ ನಮಗಿದೆ ಎಂದಿತು. 1973ರಲ್ಲಿ ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮೀಜಿಯ ಕೇಸು ಬಂತು. 13 ನ್ಯಾಯಮೂರ್ತಿಗಳು, 7–6ರ ತೀರ್ಪು: ತಿದ್ದಿ, ಆದರೆ ಸಂವಿಧಾನದ ಮೂಲ ರಚನೆ ಮುಟ್ಟಬೇಡಿ. ತುರ್ತು ಪರಿಸ್ಥಿತಿಯಲ್ಲಿ, 1976ರಲ್ಲಿ, 42ನೇ ತಿದ್ದುಪಡಿ ಬಂದು ತಿದ್ದುಪಡಿಗಳನ್ನು ಯಾವ ಕೋರ್ಟೂ ಪ್ರಶ್ನಿಸುವಂತಿಲ್ಲ ಎಂದಿತು. 1980ರ ಮಿನರ್ವ ಮಿಲ್ಸ್ ತೀರ್ಪು ಆ ಮಾತನ್ನೇ ರದ್ದು ಮಾಡಿತು. ಹೀಗೆ ಓದಿದರೆ ಇಸವಿಗಳು ತಾವೇ ಸಾಲಾಗಿ ನಿಲ್ಲುತ್ತವೆ. ರಾಷ್ಟ್ರಪತಿ ಆಳ್ವಿಕೆಯ 356ನೇ ವಿಧಿಗೆ ನಮ್ಮದೇ ರಾಜ್ಯದ ಮುಖ್ಯಮಂತ್ರಿಯಾಗಿದ್ದ ಎಸ್.ಆರ್. ಬೊಮ್ಮಾಯಿ ಪ್ರಕರಣ. ಸರ್ಕಾರ ವಜಾ ಆದದ್ದು 1989, ತೀರ್ಪು 1994. ಬಹುಮತ ಇದೆಯೋ ಇಲ್ಲವೋ ಎಂಬುದು ರಾಜಭವನದಲ್ಲಲ್ಲ, ಸದನದಲ್ಲೇ ಗೊತ್ತಾಗಬೇಕು. ಈ ತೀರ್ಪು ಓದಿದ ದಿನ ನನಗೆ ನಿಜಕ್ಕೂ ಹೆಮ್ಮೆಯಾಗಿತ್ತು.

ಪಂಚಾಯತ್ ರಾಜ್ ಭಾಗಕ್ಕೆ ನಮ್ಮೂರಿನ ಗ್ರಾಮಸಭೆಯಲ್ಲಿ ಹೋಗಿ ಕೂತೆ. ಸಂವಿಧಾನದಲ್ಲಿ ಮಹಿಳೆಯರಿಗೆ ಪಂಚಾಯಿತಿ ಸ್ಥಾನಗಳಲ್ಲಿ ಮೂರನೇ ಒಂದು ಭಾಗಕ್ಕೆ ಕಡಿಮೆಯಿಲ್ಲದಂತೆ ಎಂದಿದೆ, ಕರ್ನಾಟಕದಲ್ಲಿ ಅರ್ಧ. ಈ ವ್ಯತ್ಯಾಸದ ಮೇಲೆ ಸುಲಭವಾಗಿ ಪ್ರಶ್ನೆ ಮಾಡಬಹುದು.

ಕೊನೆಯ ವಾರಗಳಲ್ಲಿ ಹಳೆಯ ಪ್ರಶ್ನೆಪತ್ರಿಕೆ ಮಾತ್ರ. ಸರಿ ಉತ್ತರ ಗುರುತಿಸಿ ಮುಂದೆ ಹೋಗುತ್ತಿರಲಿಲ್ಲ. ಉಳಿದ ಮೂರು ಆಯ್ಕೆ ಯಾಕೆ ತಪ್ಪು, ಅವು ಯಾವ ವಿಧಿಗೆ ಸೇರುತ್ತವೆ ಅಂತಲೂ ಬರೆಯುತ್ತಿದ್ದೆ. ತಪ್ಪು ಉತ್ತರಕ್ಕೆ ಅಂಕ ಕಳೆಯುವ ಪರೀಕ್ಷೆಯಲ್ಲಿ ಯಾವುದನ್ನು ಬಿಡಬೇಕು ಅನ್ನೋದು ಇದರಿಂದಲೇ ತಿಳಿಯುತ್ತದೆ. ಆ ಬಲಪುಟಗಳು ಮೇನ್ಸ್‌ಗೆ ಇನ್ನೂ ಜಾಸ್ತಿ ಉಪಯೋಗಕ್ಕೆ ಬಂದವು, ಅಲ್ಲಿ ಉದಾಹರಣೆ ಇಲ್ಲದ ಉತ್ತರ ಸಪ್ಪೆ.