ಹೆಬ್ಬೆರಳು ನೋಡಿ ಕಲಿತ ಬ್ಲೂಸ್

ಕಂಟ್ರಿ ಬ್ಲೂಸ್, ಅಂದರೆ ಅಮೆರಿಕದ ದಕ್ಷಿಣದ ಹಳ್ಳಿಗಳ ಕಪ್ಪು ಜನರ ಹಾಡಿನ ಗಿಟಾರ್ ಕಲಿಯಬೇಕು ಅಂತ ಯಾರಾದರೂ ಕೇಳಿದರೆ ನಾನು ಹೇಳುವುದು ಇಷ್ಟೇ: ಎಡಗೈ ಹಾಗಿರಲಿ, ಮೊದಲು ಬಲಗೈಯ ಹೆಬ್ಬೆರಳು ನೋಡಿ. ಎಡಗೈ ಹಿಡಿಯುವ ಕಾರ್ಡುಗಳು, ಅಂದರೆ ಒಟ್ಟಿಗೆ ನುಡಿಯುವ ಸ್ವರಗಳ ಗೊಂಚಲುಗಳು, ಬಹುಪಾಲು ಹಾಡುಗಳಲ್ಲಿ ಮೂರೋ ನಾಲ್ಕೋ. ಕೆಲವು ತಿಂಗಳು ಗಿಟಾರ್ ನುಡಿಸಿದವರಿಗೆಲ್ಲ ಅವು ಗೊತ್ತಿರುತ್ತವೆ. ಹಾಡಿನ ಜೀವ ಇರುವುದು ಬಲಗೈಯಲ್ಲಿ. ಆ ಕೈ ಏನು ಮಾಡುತ್ತಿದೆ ಅನ್ನುವುದು ರೆಕಾರ್ಡ್ ಕೇಳಿದರೆ ಪೂರ್ತಿ ತಿಳಿಯುವುದಿಲ್ಲ. ಟ್ಯಾಬ್‌ನಲ್ಲಿ, ಅಂದರೆ ಗಿಟಾರಿಗೆಂದೇ ಇರುವ ಲಿಪಿಯಲ್ಲಿ, ಯಾವ ತಂತಿ, ಯಾವ ಫ್ರೆಟ್ (ಕುತ್ತಿಗೆಯ ಮೇಲಿನ ಅಡ್ಡಪಟ್ಟಿ) ಅಂತ ಇರುತ್ತದೆ, ಆದರೆ ಕೈ ಎಷ್ಟು ಸಡಿಲವಾಗಿದೆ, ಮೀಟು ಎಷ್ಟು ಜೋರು ಅನ್ನುವುದು ಇರುವುದಿಲ್ಲ. ಅದಕ್ಕೆ ಫಿಲಂ ಬೇಕು.

ಬೆಂಗಳೂರಿನಲ್ಲಿ ಕೂತು ಮಿಸಿಸಿಪ್ಪಿಯ ಹತ್ತಿಹೊಲಗಳ ಸಂಗೀತ ಕಲಿಯಲು ಹೊರಟ ನನಗೆ ಎದುರು ಕೂರಿಸಿಕೊಂಡು ಹೇಳಿಕೊಡುವವರು ಸಿಗಲಿಲ್ಲ. ನನ್ನ ಗುರುಗಳೆಲ್ಲ 1960ರ ದಶಕದ ಕಪ್ಪು-ಬಿಳುಪು ಚಿತ್ರಗಳಲ್ಲಿದ್ದ ಮುದುಕರು. ಅದಕ್ಕೂ ಹಿಂದಿನವರು ಚಿತ್ರದಲ್ಲಿ ಸಿಗುವುದು ಬಹಳ ಅಪರೂಪ. ಈ ಸಂಗೀತದ ದೊಡ್ಡ ಹೆಸರುಗಳಾದ ಚಾರ್ಲಿ ಪ್ಯಾಟನ್ 1934ರಲ್ಲಿ, ರಾಬರ್ಟ್ ಜಾನ್ಸನ್ 1938ರಲ್ಲಿ ತೀರಿಕೊಂಡರು. ಇಬ್ಬರ ಕೈಯನ್ನೂ ನುಡಿಸುವಾಗ ನೋಡುವ ಭಾಗ್ಯ ನಮಗಿಲ್ಲ. ಜಾನ್ಸನ್‌ನದು ಅಂತ ಒಂದು ಮೂಕಿ ತುಣುಕು ಓಡಾಡಿತ್ತು. ಅದರ ಹಿನ್ನೆಲೆಯಲ್ಲಿ 1941ರ ಸಿನಿಮಾವೊಂದರ ಪೋಸ್ಟರ್ ಕಂಡಾಗ, ಅಂದರೆ ಆತ ಸತ್ತು ಮೂರು ವರ್ಷದ ನಂತರದ ಪೋಸ್ಟರ್, ಆ ಆಸೆಯೂ ಮುಗಿಯಿತು. ಉಳಿದವರನ್ನು 1963–64ರ ಸುಮಾರಿಗೆ ಕೆಲವು ಯುವಕರು ಹಳೇ 78 ಆರ್‌ಪಿಎಂ ಗ್ರಾಮಫೋನ್ ತಟ್ಟೆಗಳ ಜಾಡು ಹಿಡಿದು ಹುಡುಕಿಕೊಂಡು ಹೋದರು. ಆಮೇಲೆ ಕ್ಯಾಮೆರಾ ಬಂತು. ಅಷ್ಟು ಹೊತ್ತಿಗೆ ಅವರಲ್ಲಿ ಹೆಚ್ಚಿನವರಿಗೆ ಅರವತ್ತು, ಎಪ್ಪತ್ತು ದಾಟಿತ್ತು.

ನಾನು ಶುರು ಮಾಡಿದ್ದು ಮಿಸಿಸಿಪ್ಪಿ ಜಾನ್ ಹರ್ಟ್ ಅವರಿಂದ. ಈಗಲೂ ಎಲ್ಲರಿಗೂ ಅಲ್ಲಿಂದಲೇ ಶುರು ಮಾಡಿ ಅನ್ನುತ್ತೇನೆ. 1928ರಲ್ಲಿ ಓಕೆ ರೆಕಾರ್ಡ್ ಕಂಪನಿಗೆ ಹಾಡಿದ್ದರು. ಆರ್ಥಿಕ ಕುಸಿತ ಬಂದು ರೆಕಾರ್ಡ್ ವ್ಯಾಪಾರ ಬಿದ್ದುಹೋದ ಮೇಲೆ ಹೊಲದ ಕೆಲಸದಲ್ಲೇ ಉಳಿದರು. ಅವರದೇ ಒಂದು ಹಾಡಿನಲ್ಲಿ ಆವಲಾನ್ ನನ್ನೂರು ಅನ್ನುವ ಮಾತು ಬರುತ್ತದೆ. 1963ರಲ್ಲಿ ಅದನ್ನೇ ವಿಳಾಸ ಮಾಡಿಕೊಂಡು ಬ್ಲೂಸ್ ಅಭಿಮಾನಿ ಟಾಮ್ ಹಾಸ್ಕಿನ್ಸ್ ಆ ಹಳ್ಳಿಗೆ ಹೋದರೆ ಹರ್ಟ್ ಅಲ್ಲೇ ಇದ್ದರು. ಮುಂದೆ ಮೂರೇ ವರ್ಷ ಬದುಕಿದರು. ಆ ಮೂರು ವರ್ಷಗಳಲ್ಲಿ ಜಾನಪದ ಗಾಯಕ ಪೀಟ್ ಸೀಗರ್ ನಡೆಸುತ್ತಿದ್ದ 'ರೇನ್‌ಬೋ ಕ್ವೆಸ್ಟ್' ಟಿವಿ ಕಾರ್ಯಕ್ರಮಕ್ಕೆ ಬಂದು ನುಡಿಸಿದ್ದು ನನ್ನಂಥವರ ಪುಣ್ಯ. ಅಲ್ಲಿ ಅಬ್ಬರವಿಲ್ಲ, ಕುಣಿತವಿಲ್ಲ. ಟೊಪ್ಪಿ ಹಾಕಿಕೊಂಡ ಒಬ್ಬ ಹಿರಿಯರು ಮೇಜಿನ ಹತ್ತಿರ ಕೂತು ಗಿಟಾರ್ ನುಡಿಸುತ್ತಾರೆ. ಕೈ ಸ್ಪಷ್ಟವಾಗಿ ಕಾಣುತ್ತದೆ.

ಆ ಕೈಯನ್ನು ನಾನು ನೋಡಿದ ಕ್ರಮ ಹೀಗೆ. ಮೊದಲು ಸದ್ದು ಪೂರ್ತಿ ಬಂದ್. ಸದ್ದಿದ್ದರೆ ಕಿವಿ ರಾಗದ ಹಿಂದೆ ಓಡುತ್ತದೆ, ಕಣ್ಣೂ ಅದರ ಹಿಂದೆಯೇ ಹೋಗುತ್ತದೆ. ಸದ್ದಿಲ್ಲದೆ ನೋಡಿದರೆ ಹೆಬ್ಬೆರಳು ತಾನಾಗಿ ಎದ್ದು ಕಾಣುತ್ತದೆ: ಐದನೇ ತಂತಿ, ನಾಲ್ಕನೇ ತಂತಿ, ಮತ್ತೆ ಐದು, ಮತ್ತೆ ನಾಲ್ಕು (ಆರು ತಂತಿಗಳಲ್ಲಿ ತೀರಾ ಸಣ್ಣದು ಒಂದನೆಯದು, ತೀರಾ ದಪ್ಪದ್ದು ಆರನೆಯದು). ಹಾಡಲು ಬಾಯಿ ತೆರೆದರೂ ಅದು ನಿಲ್ಲುವುದಿಲ್ಲ, ನಗುವಾಗಲೂ ನಿಲ್ಲುವುದಿಲ್ಲ. ಮಣಿಕಟ್ಟು ಹೆಚ್ಚುಕಡಿಮೆ ಅಲುಗುವುದೇ ಇಲ್ಲ, ಬೆರಳು ಮಾತ್ರ ಬುಡದ ಗೆಣ್ಣಿನಿಂದ ಆಡುತ್ತದೆ. ವೀಣೆಯಲ್ಲಿ ಕಿರುಬೆರಳು ತಾಳದ ತಂತಿಗಳನ್ನು ಮೀಟುತ್ತಾ ಕಾಲ ಕಾಯುವಂತೆ ಇಲ್ಲಿ ಹೆಬ್ಬೆರಳು ಕಾಲ ಕಾಯುತ್ತದೆ. ಅದರ ಮೇಲೆ ತೋರುಬೆರಳು, ನಡುಬೆರಳು ತಮ್ಮ ಪಾಡಿಗೆ ರಾಗ ನುಡಿಸುತ್ತವೆ.

ಆಮೇಲೆ ನಾನೂ ಹೆಬ್ಬೆರಳೊಂದನ್ನೇ ನುಡಿಸಿದೆ. ಟಿವಿ ನೋಡುತ್ತಾ, ಮನೆಯವರ ಜೊತೆ ಮಾತಾಡುತ್ತಾ, ಬೇರೇನೋ ಹಾಡು ಗುನುಗುತ್ತಾ. ಮಾತಿನ ನಡುವೆ ಬೇಸ್, ಅಂದರೆ ದಪ್ಪ ತಂತಿಗಳ ಆ ಮೀಟು, ತಪ್ಪದಿದ್ದ ದಿನವೇ ರಾಗದ ಮೊದಲ ಸ್ವರ ಸೇರಿಸಿದ್ದು. ಇಲ್ಲಿ ಅವಸರಪಟ್ಟವರಿಗೆ ಈ ಶೈಲಿ ಕೈಗೆ ಹತ್ತುವುದಿಲ್ಲ. ಇದನ್ನು ಎಷ್ಟು ಒತ್ತಿ ಹೇಳಿದರೂ ಕಡಿಮೆಯೇ.

ರಾಗ ಸೇರಿಸುವಾಗ ನಿಜವಾದ ಪ್ರಶ್ನೆ ಒಂದೇ: ಈ ಸ್ವರ ಹೆಬ್ಬೆರಳಿನ ಜೊತೆಗೇ ಬಿತ್ತೋ, ಎರಡು ಹೊಡೆತಗಳ ನಡುವೆ ಬಿತ್ತೋ? ಇದನ್ನು ಚೌಕಟ್ಟು ಚೌಕಟ್ಟಾಗಿ, ಅಂದರೆ ಒಂದೊಂದೇ ಫ್ರೇಮ್ ಆಗಿ, ನೋಡಬಹುದು. 16 ಎಂಎಂ ಫಿಲಂ ಆದರೆ ಸೆಕೆಂಡಿಗೆ 24 ಚೌಕಟ್ಟು. ನಿಮಿಷಕ್ಕೆ 120 ಹೊಡೆತದ ಹಾಡಿನಲ್ಲಿ ಒಂದು ಹೊಡೆತಕ್ಕೆ 12 ಚೌಕಟ್ಟು ಸಿಗುತ್ತವೆ, ನಡುವಿನ ಸ್ವರ ಆರನೆಯದರ ಆಸುಪಾಸು ಬರುತ್ತದೆ. ಯೂಟ್ಯೂಬ್‌ನಲ್ಲಿ ವಿಡಿಯೊ ನಿಲ್ಲಿಸಿಕೊಂಡು ಕೀಬೋರ್ಡಿನ ಅಲ್ಪವಿರಾಮ, ಪೂರ್ಣವಿರಾಮದ ಕೀಲಿ ಒತ್ತಿದರೆ ಹಿಂದಕ್ಕೂ ಮುಂದಕ್ಕೂ ಒಂದೊಂದೇ ಚೌಕಟ್ಟು ಸರಿಯುತ್ತದೆ. ಗಂಟುಬಿದ್ದ ಒಂದೆರಡು ಕಡೆ ಮಾತ್ರ ಹೀಗೆ ಮಾಡಿ. ಇಡೀ ಹಾಡನ್ನು ಹೀಗೆ ಕತ್ತರಿಸಿದರೆ ಅದರ ಓಟವೇ ಹೋಗಿಬಿಡುತ್ತದೆ.

ಒಂದು ಎಚ್ಚರಿಕೆ. ಹಳೇ ಚಿತ್ರಗಳನ್ನು ಹೊಸ ರೂಪಕ್ಕೆ ಇಳಿಸುವಾಗ ಚಿತ್ರಕ್ಕೂ ಸದ್ದಿಗೂ ನಾಲ್ಕೈದು ಚೌಕಟ್ಟಿನ ಅಂತರ ಬಂದಿರುವುದುಂಟು. ಆಗ ಕಣ್ಣು ಹೇಳುವುದೊಂದು, ಕಿವಿ ಹೇಳುವುದೊಂದು. ಜೋರಾಗಿ ಎಳೆದು ಬಿಟ್ಟ ತಂತಿ ಫಟ್ ಅನ್ನುವ ಕ್ಷಣವನ್ನು ಹುಡುಕಿ, ಬೆರಳು ಬಿಟ್ಟ ಚೌಕಟ್ಟಿಗೂ ಸದ್ದಿಗೂ ತಾಳೆ ನೋಡಿಕೊಂಡೇ ಮುಂದೆ ಹೋಗುತ್ತೇನೆ.

ಚಿತ್ರದಲ್ಲಿ ಹರ್ಟ್ ನುಡಿಸುವುದು ನಿಧಾನ. ಎಪ್ಪತ್ತರ ವಯಸ್ಸಿನ ಕೈ ಅದು. ಕಲಿಯುವವರಿಗೆ ಇದು ಅನುಕೂಲವೇ. ಹಿಡಿತ ಚಿತ್ರದಿಂದ ಕಲಿತು, ವೇಗಕ್ಕೆ 1928ರ ರೆಕಾರ್ಡಿಗೆ ಹೋದೆ. ಚಿತ್ರ ನೋಡಿದ ಮೇಲೆ ರೆಕಾರ್ಡ್ ಕೇಳಿದರೆ ಕಿವಿಗೆ ಕೈ ಕಾಣಿಸತೊಡಗುತ್ತದೆ.

ಎಲಿಜಬೆತ್ ಕಾಟನ್ ವಿಷಯ ಬೇರೆ. ಅದೇ ಸೀಗರ್ ಕಾರ್ಯಕ್ರಮಕ್ಕೆ ಅವರೂ ಬಂದಿದ್ದರು. ನಾರ್ತ್ ಕ್ಯಾರೊಲಿನಾದವರು, ಎಡಚರು. ಬಲಗೈಯವರ ಗಿಟಾರನ್ನು ತಂತಿ ಬದಲಿಸದೆ ಹಾಗೇ ತಿರುಗಿಸಿ ಹಿಡಿದು ತಾವೇ ಕಲಿತರು. 'ಫ್ರೈಟ್ ಟ್ರೇನ್' ಹಾಡು ಕಟ್ಟಿದ್ದು ಚಿಕ್ಕ ಹುಡುಗಿಯಾಗಿದ್ದಾಗ. ಮುಂದೆ ದಶಕಗಳ ಕಾಲ ಗಿಟಾರ್ ಮುಟ್ಟಲಿಲ್ಲ. ಸೀಗರ್ ಕುಟುಂಬದಲ್ಲಿ ಮನೆಕೆಲಸಕ್ಕಿದ್ದಾಗ ಗೋಡೆಯ ಮೇಲಿದ್ದ ಗಿಟಾರ್ ಮತ್ತೆ ಕೈಗೆ ಬಂತು. ಅರವತ್ತು ದಾಟಿದ ಮೇಲೆ ವೇದಿಕೆ ಹತ್ತಿದರು. ಇಂಥ ಕೈಯನ್ನು ಮನೆಗೆಲಸದಲ್ಲೇ ಸವೆಸಿದ ಕಾಲದ ಬಗ್ಗೆ ನನಗೆ ಇವತ್ತಿಗೂ ಸಿಟ್ಟಿದೆ.

ಅವರ ಗಿಟಾರಿನಲ್ಲಿ ಸಣ್ಣ ತಂತಿ ಮೇಲೆ, ದಪ್ಪ ತಂತಿ ಕೆಳಗೆ. ಹಾಗಾಗಿ ಬೇಸ್ ನುಡಿಸುವುದು ತೋರುಬೆರಳು, ರಾಗ ನುಡಿಸುವುದು ಹೆಬ್ಬೆರಳು. ಕನ್ನಡಿಯಲ್ಲಿ ಕಂಡಂತೆ ವಿಡಿಯೊವನ್ನು ಅಡ್ಡಕ್ಕೆ ತಿರುಗಿಸಿಕೊಂಡರೆ ಗಿಟಾರಿನ ಕುತ್ತಿಗೆ ನಮ್ಮ ಕಡೆಗೆ ಬರುತ್ತದೆ, ಆದರೆ ತಂತಿಗಳ ಮೇಲು-ಕೆಳಗು ಹಾಗೇ ಉಳಿಯುತ್ತದೆ. ಆದ್ದರಿಂದ ಅವರ ಬೆರಳುಗಳನ್ನು ನಕಲು ಮಾಡಲು ಹೋಗಬಾರದು, ತಂತಿಗಳನ್ನು ಬರೆದುಕೊಳ್ಳಬೇಕು. ಯಾವ ಹೊಡೆತಕ್ಕೆ ಯಾವ ತಂತಿ ಅಲುಗಿತು, ಅಷ್ಟೇ. ಬರೆದಾದ ಮೇಲೆ ನನ್ನ ಹೆಬ್ಬೆರಳಿಗೆ ಬೇಸ್, ಮಿಕ್ಕ ಬೆರಳಿಗೆ ರಾಗ ಹಂಚಿದೆ. ಸ್ವರ ಎಲ್ಲವೂ ಬಂತು, ತೂಕ ಮಾತ್ರ ಬೇರೆಯಾಯಿತು. ಅವರಲ್ಲಿ ರಾಗಕ್ಕೆ ಹೆಬ್ಬೆರಳಿನ ಬಲವಿದೆ, ಬೇಸ್ ಹಗುರ. ನಮ್ಮದು ತದ್ವಿರುದ್ಧ. ಹೆಬ್ಬೆರಳನ್ನು ಬೇಕೆಂದೇ ಮೆತ್ತಗೆ ಇಳಿಸಿ, ತೋರುಬೆರಳನ್ನು ಗಟ್ಟಿಯಾಗಿ ಮೀಟಿದಾಗ ಹಾಡು ಅವರ ಹತ್ತಿರಕ್ಕೆ ಬಂತು. 'ಫ್ರೈಟ್ ಟ್ರೇನ್' ಸಿ ಕಾರ್ಡಿನ ಹಾಡು. ನಡುವೆ ಇ ಸೆವೆನ್‌ನಿಂದ ಎಫ್‌ಗೆ ಹೋಗುವ ಜಾಗದಲ್ಲಿ ಈ ಹದ ಸಿಕ್ಕರೆ ಬೇರೆಲ್ಲ ಕಡೆಯೂ ಸಿಗುತ್ತದೆ.

ಮಿಸಿಸಿಪ್ಪಿಯ ಇನ್ನೊಬ್ಬ ಹಿರಿಯರಾದ ಸನ್ ಹೌಸ್ ಅವರ ಚಿತ್ರಗಳು ಬೆರಳಿಗಿಂತ ತೋಳು ನೋಡಲು. ಬಲಗೈ ತಂತಿಯಿಂದ ದೂರ ಹಾರಿ ಬಂದು ಬಡಿಯುತ್ತದೆ. ತಂತಿಗಳ ಶ್ರುತಿ ಓಪನ್ ಜಿ, ಅಂದರೆ ಏನೂ ಒತ್ತದೆ ಮೀಟಿದರೆ ಜಿ ಕಾರ್ಡ್ ನುಡಿಯುತ್ತದೆ: ಮಾಮೂಲಿ ಶ್ರುತಿಯಿಂದ ಆರನೆಯದು, ಐದನೆಯದು, ಒಂದನೆಯದು ಒಂದೊಂದು ಪೂರ್ತಿ ಸ್ವರ (ಎರಡು ಫ್ರೆಟ್‌ನಷ್ಟು) ಇಳಿಸಿದರೆ ಸಾಕು. ಅವರ ಲೋಹದ ಮೈಯ, ನ್ಯಾಷನಲ್ ಕಂಪನಿಯ ಗಿಟಾರ್ ಇಲ್ಲದಿದ್ದರೂ ನಡೆಯುತ್ತದೆ. ನನ್ನ ಸ್ಲೈಡ್, ಅಂದರೆ ಬೆರಳಿಗೆ ಹಾಕಿ ತಂತಿಯ ಮೇಲೆ ಜಾರಿಸುವ ಕೊಳವೆ, ಪ್ಲಂಬಿಂಗ್ ಅಂಗಡಿಯಲ್ಲಿ ಕೊಯ್ಸಿದ ಪೈಪಿನ ತುಂಡು. ಸ್ಲೈಡ್ ಫ್ರೆಟ್ಟಿನ ಪಟ್ಟಿಯ ನೇರ ಮೇಲೆ ನಿಲ್ಲಬೇಕು, ಎರಡು ಪಟ್ಟಿಗಳ ನಡುವೆ ಅಲ್ಲ. ಕ್ಯಾಮೆರಾ ಓರೆಯಾಗಿದ್ದಾಗ ಅದು ಪಕ್ಕಕ್ಕೆ ಸರಿದಂತೆ ಕಾಣುತ್ತದೆ, ಅಂಥ ಕಡೆ ಕಿವಿಯನ್ನೇ ನಂಬಿ.

ಚಿತ್ರೀಕರಿಸಿದವರ ಬಗ್ಗೆ ನನಗೊಂದು ತಕರಾರಿದೆ. ಕಷ್ಟದ ಜಾಗ ಬಂದಾಗಲೇ ಕ್ಯಾಮೆರಾ ಮುಖಕ್ಕೆ ಹಾರುತ್ತದೆ. ಮುಖದಲ್ಲಿ ನೋವಿದೆ, ನಿಜ; ಆ ನೋವು ಕೈಯಲ್ಲೂ ಇದೆ. 1966ರಲ್ಲಿ ಅಮೆರಿಕದ ನ್ಯೂಪೋರ್ಟ್ ಜಾನಪದ ಸಂಗೀತ ಉತ್ಸವದ ಹೊತ್ತಿಗೆ ಜಾನಪದ ಸಂಗ್ರಾಹಕ ಅಲನ್ ಲೋಮ್ಯಾಕ್ಸ್ ದಕ್ಷಿಣದ ಜೂಕ್ ಜಾಯಿಂಟಿನಂಥ, ಅಂದರೆ ಹೆಂಡ-ಹಾಡು-ಕುಣಿತದ ಅಡ್ಡೆಯಂಥ, ಜಾಗವೊಂದನ್ನು ಸಜ್ಜು ಮಾಡಿ ಸನ್ ಹೌಸ್, ಸ್ಕಿಪ್ ಜೇಮ್ಸ್, ಬುಕ್ಕಾ ವೈಟ್, ಹೌಲಿನ್ ವುಲ್ಫ್ ಇವರನ್ನೆಲ್ಲ ಚಿತ್ರೀಕರಿಸಿದರು. ಜಾಗ ಕೃತಕ, ಆದರೆ ಸುತ್ತ ಜನರಿದ್ದಾಗ ಈ ಸಂಗೀತ ಹೇಗೆ ಮೈದುಂಬುತ್ತದೆ ಅನ್ನುವುದು ಅಲ್ಲಿ ಕಾಣುತ್ತದೆ.

ಈಗ ನನ್ನ ಕೈಯಲ್ಲಿರುವುದು ಸ್ಕಿಪ್ ಜೇಮ್ಸ್. ಗಿಟಾರನ್ನು ಮೈನರ್ ಕಾರ್ಡಿಗೇ ಶ್ರುತಿ ಮಾಡುತ್ತಿದ್ದವರು. ಆರನೇ ತಂತಿಯಿಂದ ಎಣಿಸಿದರೆ ಡಿ, ಎ, ಡಿ, ಎಫ್, ಎ, ಡಿ. ಐದು ಮತ್ತು ನಾಲ್ಕನೇ ತಂತಿ ಹಾಗೇ ಇರುತ್ತವೆ, ಉಳಿದ ನಾಲ್ಕನ್ನೂ ಒಂದೊಂದು ಸ್ವರ ಇಳಿಸಬೇಕು. ಇದೇ ಹೊಂದಾಣಿಕೆಯನ್ನು ಇ ಮೈನರಿನಲ್ಲೂ ಮಾಡಬಹುದು: ಮಾಮೂಲಿ ಶ್ರುತಿಯಿಂದ ಐದನೆಯದನ್ನು 'ಬಿ'ಗೆ, ನಾಲ್ಕನೆಯದನ್ನು 'ಇ'ಗೆ ಏರಿಸಿದರೆ ಮುಗಿಯಿತು, ಆದರೆ ತಂತಿಯ ಮೇಲೆ ಎಳೆತ ಜಾಸ್ತಿ. ಹಳೇ ತಂತಿ ಇದ್ದವರು ಇಳಿಸಿಕೊಳ್ಳುವುದೇ ಒಳ್ಳೆಯದು. ಇಲ್ಲಿ ಹರ್ಟ್ ಅವರ ಎಡೆಬಿಡದ ಹೆಬ್ಬೆರಳು ಉಪಯೋಗಕ್ಕೆ ಬರುವುದಿಲ್ಲ. ಬೇಸ್ ತಂತಿ ಹಾಡಿಗೆ ಉತ್ತರ ಕೊಡುತ್ತದೆ, ಸುಮ್ಮನಾಗುತ್ತದೆ, ಮತ್ತೆ ಬರುತ್ತದೆ. ಆ ಸುಮ್ಮನಿರುವ ಜಾಗಗಳನ್ನು ಗುರುತು ಹಾಕಿಕೊಳ್ಳುತ್ತಿದ್ದೇನೆ, ಸದ್ದು ಬಂದ್ ಮಾಡಿಕೊಂಡೇ.