ಪ್ಯಾಡ್ ಬದಲಿಸಿದೆ, ಬೇಸ್ ಮಾಯವಾಯಿತು

ಕಿವಿಯ ಹಿಂದೆ ಕಪ್ಪು ಹುಡಿ ಅಂಟಿದ್ದನ್ನು ಮೊದಲು ನೋಡಿದ್ದು ಹೆಂಡತಿ. "ಇದೇನ್ರೀ, ಮಸಿ ಬಳಕೊಂಡಿದ್ದೀರಾ?" ಅಂದಳು. ಮಸಿಯಲ್ಲ, ನನ್ನ ಹೆಡ್‌ಫೋನಿನ ಪ್ಯಾಡು. ಕಿವಿಯನ್ನು ಇಡಿಯಾಗಿ ಒಳಗೆ ಹಾಕಿಕೊಳ್ಳದೆ ಕಿವಿಯ ಮೇಲೇ ಕೂರುವ ಆನ್-ಇಯರ್ ಜಾತಿಯದು ಅದು. ಏಳು ವರ್ಷದಿಂದ ದಿನಾ ಬಳಸುತ್ತಿದ್ದೇನೆ.

ಪ್ಯಾಡಿನ ಮೇಲಿರುವುದು ಚರ್ಮವಲ್ಲ, ನಾವು ರೆಕ್ಸಿನ್ ಅನ್ನುವಂಥದ್ದು: ಬಟ್ಟೆಯ ಮೇಲೆ ಪಾಲಿಯುರೆಥೇನಿನ ತೆಳು ಲೇಪ. ಬೆವರು, ಗಾಳಿಯಲ್ಲಿರುವ ತೇವ ಎರಡೂ ಸೇರಿ ಆ ಲೇಪವನ್ನು ನಿಧಾನಕ್ಕೆ ಒಡೆಯುತ್ತವೆ. ಹೆಚ್ಚು ಬಳಸಿದ್ದಕ್ಕೆ ಹೀಗಾಯಿತು ಅಂತ ಕೊರಗಬೇಕಿಲ್ಲ, ಬೀರುವಿನಲ್ಲಿ ಸುಮ್ಮನೆ ಇಟ್ಟರೂ ಒಂದಲ್ಲ ಒಂದು ದಿನ ಸಿಪ್ಪೆ ಏಳುತ್ತದೆ.

ಹೊಸ ಜೋಡಿ ತರಿಸುವಾಗ ನಾನು ನೋಡಿದ್ದು ಎರಡೇ: ಅಳತೆ ಸರಿಯಿದೆಯಾ, ಕಿವಿಗೆ ಮೆತ್ತಗಿರುತ್ತದಾ. ರೆಕ್ಸಿನ್ ಸಹವಾಸವೇ ಬೇಡ ಅಂತ ವೆಲ್ವೆಟ್ ಪ್ಯಾಡ್ ಆರಿಸಿದೆ. ಅಳತೆಯ ಬಗ್ಗೆ ಒಂದು ಮಾತು. ಹಳೇ ಪ್ಯಾಡನ್ನು ಅಳೆಯಬೇಡಿ, ಅದು ಹಿಗ್ಗಿ ಜೋತುಬಿದ್ದಿರುತ್ತದೆ. ಪ್ಯಾಡಿನ ಅಂಚು ಸಿಕ್ಕಿಕೊಳ್ಳುವ ಪ್ಲಾಸ್ಟಿಕ್ ತಟ್ಟೆಯ ಅಡ್ಡಗಲವನ್ನೇ ಅಳೆಯಿರಿ. ನನ್ನದು 70 ಮಿಲಿಮೀಟರ್ ಇತ್ತು.

ಬಲಗಡೆಯ ಹಳೇ ಪ್ಯಾಡ್ ಎಳೆಯುತ್ತಿದ್ದಂತೆ ಹರಿಯಿತು. ಮುದ್ದೆ ಮಾಡಿ ಕಸದ ಬುಟ್ಟಿಗೆ ಎಸೆದೆ. ಎಡಗಡೆಯದು ಇಡಿಯಾಗಿ ಬಂತು, ಅದನ್ನು ಮೇಜಿನ ಮೇಲಿಟ್ಟೆ. ಸುಮ್ಮನೆ ಇಟ್ಟಿದ್ದು ಅಷ್ಟೇ, ಮುಂದೆ ಅದೇ ನನ್ನನ್ನು ಉಳಿಸಿತು. ಈ ಗಡಿಬಿಡಿಯಲ್ಲಿ ಉದುರಿದ ಹುಡಿಯನ್ನು ಚಿಮಟದಿಂದ ತೆಗೆಯಲು ಹೋದೆ. ಒಳಗಿನ ಪುಟ್ಟ ಸ್ಪೀಕರಿನ, ಅಂದರೆ ಡ್ರೈವರಿನ, ಅಯಸ್ಕಾಂತ ಆ ಕಬ್ಬಿಣದ ಚಿಮಟವನ್ನು ಟಪ್ಪನೆ ತನ್ನತ್ತ ಎಳೆದುಕೊಂಡಿತು. ಪುಣ್ಯಕ್ಕೆ ಡ್ರೈವರಿನ ಮೇಲಿನ ತೂತುತೂತಾದ ಮುಚ್ಚಳಕ್ಕೆ ತಗುಲಿ ನಿಂತಿತು. ಒಳಗಿನ ಪೊರೆ ಪ್ಲಾಸ್ಟಿಕ್ ಹಾಳೆಯಷ್ಟು ತೆಳು, ಚುಚ್ಚಿದರೆ ಮುಗಿಯಿತು. ಆಮೇಲೆ ಹೆಡ್‌ಫೋನನ್ನು ಬೋರಲು ಹಿಡಿದು ಮೃದುವಾದ ಒಣ ಬ್ರಷ್ಷಿನಿಂದ ಒರೆಸಿದೆ. ಬಾಯಿಂದ ಊದಲೂ ಹೋಗಲಿಲ್ಲ.

ಹೊಸ ಪ್ಯಾಡ್ ಹಾಕಿ ಹಾಡು ಹಚ್ಚಿದೆ. ಕಿವಿಗೆ ಹಾಯೆನ್ನಿಸಿತು. ಆದರೆ ಹಾಡಿನ ಬುಡವೇ, ಅಂದರೆ ಕೆಳಸ್ವರಗಳ ಬೇಸ್, ಕಳಚಿಬಿದ್ದಂತಿತ್ತು. ಬೇಸ್ ಗಿಟಾರ್ ಇದೆ ಅಂತ ಗೊತ್ತಿದ್ದರೆ ಮಾತ್ರ ಕೇಳಿಸುವಷ್ಟು. ಗಾಯಕಿ "ಸ" ಅಂದಾಗಲೆಲ್ಲ ಸೂಜಿ ಚುಚ್ಚಿದಂತೆ.

ಎರಡು ದಿನ ನನ್ನ ಕಿವಿಯನ್ನೇ ಅನುಮಾನಿಸಿದೆ. ಮೂರನೇ ದಿನ ಮೇಜಿನ ಮೇಲಿದ್ದ ಹಳೇ ಎಡಗಡೆ ಪ್ಯಾಡನ್ನು ವಾಪಸ್ ಹಾಕಿ, ಬಲಕ್ಕೆ ಹೊಸದನ್ನೇ ಬಿಟ್ಟು, ಒಬ್ಬರೇ ಮಾತಾಡುವ ಮೋನೋ, ಅಂದರೆ ಎರಡೂ ಕಿವಿಗೆ ಒಂದೇ ಸದ್ದು ಕೊಡುವ, ರೆಕಾರ್ಡಿಂಗ್ ಕೇಳಿದೆ. ಒಂದೇ ದನಿ ನಟ್ಟನಡುವೆ ನಿಲ್ಲಬೇಕು. ನನಗೆ ಕೇಳಿಸಿದ್ದು ಬೇರೆ: ದನಿಯ ಎದೆ ಎಡಗಿವಿಯಲ್ಲಿ, ಹಲ್ಲು-ನಾಲಿಗೆಯ ಸದ್ದೆಲ್ಲ ಬಲಗಿವಿಯಲ್ಲಿ. ಪ್ಯಾಡ್ ಹೋಲಿಸಲು ಇದಕ್ಕಿಂತ ಒಳ್ಳೆ ಉಪಾಯ ನನಗಂತೂ ತಿಳಿದಿಲ್ಲ. ಪೂರ್ತಿ ಬದಲಿಸಿ ಆಮೇಲೆ ನೆನಪಿನಿಂದ ಹೋಲಿಸಲು ಹೋದರೆ, ನೆನಪು ನಮಗೆ ಬೇಕಾದ್ದನ್ನೇ ಹೇಳುತ್ತದೆ.

ಚುಚ್ಚುವ "ಸ"ಕಾರದ ಗುಟ್ಟು ಹಳೇ ಪ್ಯಾಡನ್ನು ಮಗುಚಿ ನೋಡಿದಾಗ ಸಿಕ್ಕಿತು. ಅದರ ಒಳಮೈಗೆ ತೆಳುವಾದ ಕಪ್ಪು ಬಟ್ಟೆಯ ಬಿಲ್ಲೆಯೊಂದು ಅಂಟಿಕೊಂಡಿತ್ತು. ಅದನ್ನು ಧೂಳು ತಡೆಯುವ ಚಿಂದಿ ಅಂದುಕೊಂಡಿದ್ದೆ. ಅದು ಧೂಳನ್ನೂ ತಡೆಯುತ್ತದೆ, ಜೊತೆಗೆ ಟ್ರೆಬಲ್ಲಿನ, ಅಂದರೆ ಮೇಲ್ಸ್ವರಗಳ, ಚೂಪನ್ನೂ ತಗ್ಗಿಸುತ್ತದೆ. ಬಲಗಡೆಯ ಬಿಲ್ಲೆ ಆಗಲೇ ಕಸದ ಪಾಲಾಗಿತ್ತು. ಎಡಗಡೆಯದನ್ನು ಅಚ್ಚಿಗಿಟ್ಟುಕೊಂಡು, ಚೀಲಕ್ಕೆ ಬಳಸುವಂಥ ತೆಳು ನಾನ್-ವೋವನ್ ಬಟ್ಟೆಯಲ್ಲಿ ಎರಡು ಬಿಲ್ಲೆ ಕತ್ತರಿಸಿ ಕೂರಿಸಿದೆ. ಎರಡೂ ಕಡೆ ಒಂದೇ ಬಟ್ಟೆ ಇರಲಿ ಅಂತ ಹಳೇ ಬಿಲ್ಲೆಯನ್ನು ಹಾಕಲಿಲ್ಲ. "ಸ" ತಣ್ಣಗಾಯಿತು.

ಬೇಸ್ ಮಾತ್ರ ಬರಲಿಲ್ಲ. ಅದರ ಕತೆ ಬೇರೆ. ಡ್ರೈವರಿಗೂ ಕಿವಿಗೂ ನಡುವೆ ಒಂದು ಚಿಟಿಕೆಯಷ್ಟು ಗಾಳಿ ಇರುತ್ತದೆ. ಕೆಳಸ್ವರಗಳಲ್ಲಿ ಡ್ರೈವರ್ ಆ ಗಾಳಿಯನ್ನು ಅದುಮಿ ಸಡಿಲಿಸಿ ಕೆಲಸ ಮಾಡುತ್ತದೆ. ಸುತ್ತ ಎಲ್ಲಾದರೂ ಸಂದಿ ಇದ್ದರೆ ಒತ್ತಡ ಅಲ್ಲಿಂದಲೇ ಸೋರಿಹೋಗುತ್ತದೆ, ತೂತಾದ ಸೈಕಲ್ ಪಂಪಿನಂತೆ. ವೆಲ್ವೆಟ್ಟಿನಲ್ಲಿ ಗಾಳಿ ಆಡುತ್ತದೆ. ಕಿವಿ ಬೆವರದಿರುವುದೂ ಅದಕ್ಕೇ, ಬೇಸ್ ಸೋರುವುದೂ ಅದಕ್ಕೇ. ಹಾಗಂತ ಗಾಳಿಯಾಡುವ ಪ್ಯಾಡೆಲ್ಲ ಕೆಟ್ಟದ್ದಲ್ಲ. 1984ರಲ್ಲಿ ಬಂದ ಕಾಸ್ ಪೋರ್ಟಾ ಪ್ರೋ ಹೆಡ್‌ಫೋನಿಗೆ ಇರುವುದು ಬರೀ ಸ್ಪಂಜಿನ ಪ್ಯಾಡು, ಆದರೂ ಬೇಸಿಗೆ ಹೆಸರುವಾಸಿ. ಅದನ್ನು ಸ್ಪಂಜಿಗೆ ತಕ್ಕಂತೆಯೇ ಹೊಂದಿಸಿದ್ದಾರೆ. ನನ್ನದನ್ನು ರೆಕ್ಸಿನ್ನಿಗೆ ಹೊಂದಿಸಿದ್ದರು.

ಪರೀಕ್ಷೆ ಬಹಳ ಸುಲಭ. 50 ಹರ್ಟ್ಸಿನ ಒಂದೇ ಕೆಳಸ್ವರ ಹಚ್ಚಿ, ಅಂಗೈಯಿಂದ ಹೆಡ್‌ಫೋನಿನ ಎರಡೂ ಕಪ್ಪನ್ನು ಮೆಲ್ಲಗೆ ಕಿವಿಗೆ ಒತ್ತಿ. ಸ್ವರ ಒಮ್ಮೆಲೇ ಉಬ್ಬಿ ಬಂದರೆ ಎಲ್ಲೋ ಸೋರುತ್ತಿದೆ ಅಂತ. ನನ್ನಲ್ಲಿ ಎಷ್ಟು ಉಬ್ಬಿತೆಂದರೆ ನಗು ಬಂತು.

ವೆಲ್ವೆಟ್ ತೆಗೆದಿಟ್ಟು ರೆಕ್ಸಿನ್ ಜೋಡಿಯನ್ನೇ ತರಿಸಿದೆ. ಹಾಕುವುದು ಕಿರಿಕಿರಿಯ ಕೆಲಸ. ಅಂಚನ್ನು ಕೆಳಗಡೆ ಸಿಕ್ಕಿಸಿ, ಹಳೇ ಪ್ಲಾಸ್ಟಿಕ್ ಕಾರ್ಡಿನ ಮೂಲೆಯಿಂದ ಸುತ್ತಲೂ ಸ್ವಲ್ಪ ಸ್ವಲ್ಪವೇ ಒಳಗೆ ತೂರಿಸುತ್ತಾ ಬರಬೇಕು. ಅವಸರಪಟ್ಟರೆ ಒಂದು ಕಡೆ ಹೋಗುವಷ್ಟರಲ್ಲಿ ಇನ್ನೊಂದು ಕಡೆ ಕಳಚುತ್ತದೆ. ಬೇಸ್ ವಾಪಸ್ ಬಂತು, ಆದರೆ ಮೊದಲಿನಷ್ಟಲ್ಲ. ಸ್ಕೇಲ್ ಹಿಡಿದು ನೋಡಿದೆ: ಹೊಸ ಪ್ಯಾಡಿನ ದಪ್ಪ 15 ಮಿಲಿಮೀಟರ್, ಹಳೇದು ಚಪ್ಪಟೆಯಾಗಿ 6ಕ್ಕೆ ಇಳಿದಿತ್ತು. ಅಂದರೆ ನಾನು ಹೋಲಿಸುತ್ತಿದ್ದದ್ದು ಹೆಡ್‌ಫೋನ್ ಹೊಸತಿದ್ದಾಗಿನ ಸದ್ದಿಗಲ್ಲ, ಏಳು ವರ್ಷ ತುಳಿಸಿಕೊಂಡ ಫೋಮಿನ ಸದ್ದಿಗೆ. ಹೊಸ ಫೋಮ್ ಗಟ್ಟಿ, ಕಿವಿಯ ಏರುತಗ್ಗಿಗೆ ಬಗ್ಗುವುದಿಲ್ಲ. ಎರಡು ವಾರ ಬಳಸಿದ ಮೇಲೆ ಬಗ್ಗಿತು, ಬೇಸೂ ಇನ್ನಷ್ಟು ತುಂಬಿಕೊಂಡಿತು.

ಉಳಿದ ಸೋರಿಕೆ ನನ್ನ ಕನ್ನಡಕದ್ದು. ಅದರ ಕಡ್ಡಿ ಕಿವಿಯನ್ನು ಪ್ಯಾಡಿನಿಂದ ಒಂದೆಳೆ ದೂರ ತಳ್ಳುತ್ತದೆ, ಅಷ್ಟು ಸಾಕು. ಈಗ ಕಡ್ಡಿಯನ್ನು ಪ್ಯಾಡಿನ ಮೇಲಕ್ಕೆ ಎತ್ತಿಟ್ಟುಕೊಂಡು ಕೇಳುತ್ತೇನೆ. ಕನ್ನಡಕ ಮೂಗಿನ ಮೇಲೆ ಸೊಟ್ಟಗೆ ನಿಲ್ಲುತ್ತದೆ, ಎದುರಿಗಿರುವ ಪುಸ್ತಕದ ಅಕ್ಷರ ಮಂಜುಮಂಜು. 50 ಹರ್ಟ್ಸ್ ಮಾತ್ರ ಗಟ್ಟಿಯಾಗಿ ಕೇಳಿಸುತ್ತದೆ.